ಕೋಪಕ್ಕೂ ಕೈಗೂ ನಡುವೆ ಎರಡು ನಿಮಿಷ: ಒಬ್ಬ ಗಾರ್ಮೆಂಟ್ಸ್ ಕಾರ್ಮಿಕ ಮಹಿಳೆಯ ಪ್ರಕರಣ

ಇದು ಗುರುತು ಹಿಡಿಯಬಹುದಾದ ಯಾರೋ ಒಬ್ಬರ ಕಡತವಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಪ್ರದೇಶಗಳಿಂದ ಮನೋವೈದ್ಯ ವಿಭಾಗಕ್ಕೆ ಬರುವ ಹೆಂಗಸರಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ಪ್ರಕರಣವಾಗಿ ಜೋಡಿಸಲಾಗಿದೆ. ಆಕೆಯ ಬದುಕಿನ ವಿವರ ಮತ್ತು ಲೆಕ್ಕಗಳು ಈ ಮಾದರಿ ಪ್ರಕರಣಕ್ಕೆ ಸೇರಿದವು. ಪರೀಕ್ಷೆಗಳು, ಅವುಗಳ ಮಿತಿಗಳು, ಔಷಧ ಮತ್ತು ಕಾನೂನು ಇದ್ದದ್ದು ಇದ್ದಂತೆ.

ಬಂದದ್ದು ಹೇಗೆ

ವಯಸ್ಸು 34. ಊರು ಮದ್ದೂರಿನ ಕಡೆ, ಓದು ಎಸ್‌ಎಸ್‌ಎಲ್‌ಸಿ. ಪೀಣ್ಯದ ಸುತ್ತಿನ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಗಂಡ ಗೂಡ್ಸ್ ಆಟೊ ಓಡಿಸುತ್ತಾನೆ, ಶನಿವಾರ ಕುಡಿಯುತ್ತಾನೆ. 9 ವರ್ಷದ ಮಗ, 5 ವರ್ಷದ ಮಗಳು. ವಠಾರದಲ್ಲಿ ಒಂದು ರೂಮಿನ ಮನೆ. ಅದರೊಳಗೇ ಅಡುಗೆಕಟ್ಟೆ, ಬಚ್ಚಲು ಹೊರಗೆ.

ಆಸ್ಪತ್ರೆಗೆ ಆಕೆ ತಾನಾಗಿ ಬರಲಿಲ್ಲ. ಮಗನ ಮಣಿಕಟ್ಟು ಊದಿಕೊಂಡಿದ್ದನ್ನು ಶಾಲೆಯ ಟೀಚರ್ ನೋಡಿದರು, ಕೇಳಿದರು. ಮೊದಲು ಬಿದ್ದ ಅಂದಳು, ಆಮೇಲೆ ಅತ್ತಳು. ಟೀಚರ್ ಬೈಯದೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕಳಿಸಿದರು. ಮೊದಲ ಭೇಟಿಯಲ್ಲಿ ಆಕೆ ಹೇಳಿದ ಮಾತು: "ಸಿಟ್ಟು ಬಂದ್ರೆ ನಂಗೆ ಹಿಂದೂ ಗೊತ್ತಾಗಲ್ಲ, ಮುಂದೂ ಗೊತ್ತಾಗಲ್ಲ ಮೇಡಂ. ಆಮೇಲೆ ನಾನೇನಾ ಮಾಡಿದ್ದು ಅನ್ಸುತ್ತೆ."

ಕೋಪ ಎಷ್ಟು ಬರುತ್ತದೆ ಎಂದು ಕೇಳಿದರೆ ಇಂಥವರೆಲ್ಲ "ಯಾವಾಗ್ಲೂ" ಅನ್ನುತ್ತಾರೆ. ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. ಆದ್ದರಿಂದ ಕೋಪವನ್ನೂ ಕೋಪದಲ್ಲಿ ಮಾಡಿದ ಕೆಲಸವನ್ನೂ ಬೇರೆ ಬೇರೆ ಮಾಡಿ, ಹಿಂದಿನ 12 ವಾರಗಳ ಲೆಕ್ಕ ತೆಗೆಯಲಾಯಿತು. ಕೂಗಾಟ ಹೆಚ್ಚುಕಡಿಮೆ ದಿನವೂ. ಒಡೆದ ವಸ್ತು 5, ಅದರಲ್ಲಿ ಒಂದು ಇನ್ನೂ 9 ಕಂತು ಬಾಕಿ ಇದ್ದ ಮೊಬೈಲ್. ಮಗನಿಗೆ ಹೊಡೆದದ್ದು 7 ಸಲ, ಗುರುತು ಉಳಿದದ್ದು 2 ಸಲ. ಗಂಡನ ಮೇಲಿನ ಕೋಪದಲ್ಲಿ ಚೀಟಿ ಹಣ ಎತ್ತಿ ಒಂದೇ ಮಧ್ಯಾಹ್ನ ಖರ್ಚು ಮಾಡಿದ್ದು 1 ಸಲ. "ನಾಳೆಯಿಂದ ಬರಲ್ಲ" ಎಂದು ಸೂಪರ್‌ವೈಸರ್‌ಗೆ ವಾಯ್ಸ್ ಮೆಸೇಜ್ ಕಳಿಸಿದ್ದು 1 ಸಲ. ಇದಕ್ಕೂ ಹಿಂದಿನ ಮೂರು ವರ್ಷಗಳಲ್ಲಿ ಮೂರು ಫ್ಯಾಕ್ಟರಿಗಳನ್ನು ಹೀಗೆಯೇ ಬಿಟ್ಟಿದ್ದಳು. ಖಾಯಂ ಕಾರ್ಮಿಕರಿಗೆ ಗ್ರಾಚ್ಯುಟಿ ಸಿಗಬೇಕಾದರೆ ಒಂದೇ ಕಡೆ 5 ವರ್ಷದ ನಿರಂತರ ಸೇವೆ ಬೇಕು. ಹದಿಮೂರು ವರ್ಷದಿಂದ ಹೊಲಿಯುತ್ತಿದ್ದರೂ ಆಕೆಯ ಲೆಕ್ಕ ಪ್ರತಿ ಸಲ ಸೊನ್ನೆಯಿಂದ ಶುರುವಾಗಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆಯನ್ನು ಆಕೆಯ ಅಮ್ಮ ಫೋನಿನಲ್ಲಿ ಆಗಾಗ ಹೇಳುತ್ತಿದ್ದರಂತೆ. ಆ ಗಾದೆ ಕೇಳಿದಾಗಲೂ ಆಕೆಗೆ ಕೋಪವೇ ಬರುತ್ತಿತ್ತು.

ಇನ್ನೊಂದು ಪ್ರಶ್ನೆಯನ್ನು ಸುತ್ತುಬಳಸದೆ ಕೇಳಬೇಕು, ಕೇಳಲಾಯಿತು: ಸಿಟ್ಟಿನಲ್ಲಿ ಸಾಯಬೇಕು ಅನಿಸಿದ್ದಿದೆಯೇ, ಏನಾದರೂ ಮಾಡಿಕೊಂಡದ್ದಿದೆಯೇ? ಇತ್ತು. ಎರಡು ತಿಂಗಳ ಹಿಂದೆ ಜಗಳದ ನಡುವೆ ಮಾತ್ರೆಗಳನ್ನು ಕೈಗೆ ತೆಗೆದುಕೊಂಡಿದ್ದಳು, ಗಂಡ ಕಿತ್ತುಕೊಂಡಿದ್ದ. ಹಿಂದಿನ ದಿನ ಆ ಯೋಚನೆ ಇರಲಿಲ್ಲ, ಮರುದಿನವೂ ಇರಲಿಲ್ಲ. ಯೋಜನೆ ಇರಲಿಲ್ಲ ಎಂಬ ಕಾರಣಕ್ಕೆ ಇದನ್ನು ಹಗುರವಾಗಿ ತೆಗೆದುಕೊಳ್ಳುವುದು ದೊಡ್ಡ ತಪ್ಪು. ನಮ್ಮ ಕಡೆ ಜಗಳದ ಬೆನ್ನಿಗೇ ನಡೆದುಹೋಗುವ ಸಾವುಗಳಲ್ಲಿ ಸಾಯುವ ನಿರ್ಧಾರ ಎಷ್ಟೋ ಸಲ ಕೆಲವೇ ನಿಮಿಷಗಳದ್ದು. ಆ ನಿಮಿಷಗಳಲ್ಲಿ ಕೈಗೆ ಏನು ಸಿಗುತ್ತದೆ ಎಂಬುದೇ ಬದುಕು ಸಾವನ್ನು ತೀರ್ಮಾನಿಸುತ್ತದೆ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಯ ಪ್ರಮಾಣ ಇಳಿಯಿತು. ಜನರ ಸಿಟ್ಟು, ದುಃಖ ಇಳಿದಿರಲಿಲ್ಲ. ಕೈಗೆ ಸಿಗುವ ವಸ್ತು ಬದಲಾಗಿತ್ತು. ಹೀಗಾಗಿ ಮೊದಲ ದಿನವೇ ಮಾಡಿದ ಕೆಲಸ ಇದು: ಮನೆಯ ಮಾತ್ರೆಗಳೆಲ್ಲ ಪಕ್ಕದ ಮನೆಯ ಅಕ್ಕನ ಬೀರುವಿಗೆ, ಬೇಕಾದಾಗ ಒಂದೆರಡು ಮಾತ್ರ ವಾಪಸ್. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಆಕೆಯ ಫೋನಿನಲ್ಲೂ ಗಂಡನ ಫೋನಿನಲ್ಲೂ ಸೇವ್ ಆಯಿತು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಉಚಿತ ಸೇವೆಯಲ್ಲಿ ಹಗಲುರಾತ್ರಿ ಕನ್ನಡದಲ್ಲೇ ಮಾತಾಡಬಹುದು. ವಾರಕ್ಕೊಮ್ಮೆ ಭೇಟಿ ಎಂದೂ ಅಂದೇ ಗೊತ್ತಾಯಿತು.

ಅಳತೆಗಳು, ಒಂದು ಅಳತೆ ತಪ್ಪಿದ ಬಗೆ

ಆವೇಗ ಅಂದರೆ ದುಡುಕುವ ಗುಣ. ಅದನ್ನು ಅಳೆಯುವ ಬಾರಟ್ ಆವೇಗ ಮಾಪನದಲ್ಲಿ 30 ಪ್ರಶ್ನೆ, ಅಂಕ 30ರಿಂದ 120. ಸಾಮಾನ್ಯವಾಗಿ 52ರಿಂದ 71ರವರೆಗಿನ ಅಂಕವನ್ನು ಸಹಜ ಎನ್ನುತ್ತಾರೆ. ಆಕೆಗೆ ಬಂದದ್ದು 61. ಈ ಕಾಗದವನ್ನಷ್ಟೇ ನೋಡಿದವರು "ಈಕೆಗೆ ಆವೇಗದ ತೊಂದರೆಯೇ ಇಲ್ಲ" ಎಂದು ಬರೆದುಬಿಡಬಹುದು.

ಆ ಅಂಕ ಸುಳ್ಳೂ ಅಲ್ಲ. ಆಕೆ ರೇಷನ್ ಲೆಕ್ಕ ಇಡುತ್ತಾಳೆ, ಹತ್ತು ತಿಂಗಳ ಚೀಟಿ ಕಟ್ಟುತ್ತಾಳೆ, ಕಾಲರ್ ಹೊಲಿಗೆಯಲ್ಲಿ ಒಂದು ಪೀಸ್ ಕೂಡ ಆಲ್ಟರ್‌ಗೆ, ಅಂದರೆ ತಿದ್ದಲು, ವಾಪಸ್ ಬಾರದಂತೆ ಗಂಟೆಗಟ್ಟಲೆ ಗಮನ ಇಡುತ್ತಾಳೆ. ಇದು ಆತುರಗಾರರ ಕೈಯಲ್ಲಿ ಆಗುವ ಕೆಲಸವಲ್ಲ. 2001ರಲ್ಲಿ ವೈಟ್‌ಸೈಡ್ ಮತ್ತು ಲೈನಮ್ ಎಂಬ ಸಂಶೋಧಕರು ಆವೇಗ ಎಂಬ ಒಂದೇ ಪದದ ಕೆಳಗೆ ನಾಲ್ಕು ಬೇರೆ ಗುಣಗಳಿವೆ ಎಂದು ತೋರಿಸಿದರು: ಯೋಚಿಸದೆ ಮಾಡುವುದು, ಹಿಡಿದ ಕೆಲಸ ಬಿಡುವುದು, ರೋಮಾಂಚನ ಹುಡುಕುವುದು, ಮತ್ತು ಮನಸ್ಸು ಕೆಟ್ಟಾಗ ಮಾತ್ರ ತಡೆಯಲಾಗದೆ ಮಾಡಿಬಿಡುವುದು. ಮೊದಲ ಮೂರರಲ್ಲಿ ಈಕೆ ಸರಾಸರಿಗಿಂತ ಗಟ್ಟಿ. ನಾಲ್ಕನೆಯದರಲ್ಲಿ ಮಾತ್ರ ಅಂಕ ತೀರಾ ಮೇಲೆ. ಅಂದರೆ ಆಕೆ ಸ್ವಭಾವದಿಂದ ದುಡುಕಿಯಲ್ಲ, ಕೋಪದೊಳಗೆ ಮಾತ್ರ ದುಡುಕುತ್ತಾಳೆ. ಚಿಕಿತ್ಸೆಯ ದಾರಿಯೆಲ್ಲ ನಿಂತದ್ದು ಈ ವ್ಯತ್ಯಾಸದ ಮೇಲೆ. "ಯೋಚನೆ ಮಾಡಿ ಮಾಡಮ್ಮ" ಎಂಬ ಬುದ್ಧಿಮಾತು ಇಂಥವರಿಗೆ ಕೆಲಸಕ್ಕೆ ಬಾರದು. ಯೋಚಿಸುವುದು ಅವರಿಗೆ ಗೊತ್ತೇ ಇದೆ. ಬೇಕಾದ ಹೊತ್ತಿಗೆ ಅದು ಕೈಗೆ ಸಿಗುವುದಿಲ್ಲ.

ಖಿನ್ನತೆಯ ಪಿಎಚ್‌ಕ್ಯೂ-9 ಪಟ್ಟಿಯಲ್ಲಿ 11 ಬಂತು. 10ರಿಂದ 14 ಮಧ್ಯಮ. ಹೆಂಗಸರ ಖಿನ್ನತೆ ಅಂದರೆ ಮೂಲೆಯಲ್ಲಿ ಕೂತು ಅಳುವುದು ಎಂಬ ಚಿತ್ರ ಗಟ್ಟಿಯಾಗಿ ಕೂತುಬಿಟ್ಟಿದೆ. ಸಿಡುಕು, ಪಾತ್ರೆ ಬಡಿಯುವುದು, ಮಕ್ಕಳ ಮೇಲೆ ಹರಿಹಾಯುವುದು ಕೂಡ ಖಿನ್ನತೆಯ ಮುಖಗಳೇ, ಅವು ತಪ್ಪಿಹೋಗುತ್ತವೆ.

ರಕ್ತ ಪರೀಕ್ಷೆ ಮಾಡಿಸದೆ ಕೋಪಕ್ಕೆ ಚಿಕಿತ್ಸೆ ಶುರುಮಾಡಬಾರದು. ಥೈರಾಯ್ಡ್ ಸರಿಯಿತ್ತು, ಸಕ್ಕರೆ ಸರಿಯಿತ್ತು, ಗರ್ಭವಿರಲಿಲ್ಲ. ಹಿಮೋಗ್ಲೋಬಿನ್ 8.9. ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 8ಕ್ಕಿಂತ ಕಡಿಮೆ ಇದ್ದರೆ ತೀವ್ರ. ಮುಟ್ಟು ಎಂಟು ದಿನ, ಹೆಚ್ಚು ರಕ್ತಸ್ರಾವ. ಸ್ತ್ರೀರೋಗ ವಿಭಾಗದಲ್ಲಿ ಸ್ಕ್ಯಾನ್ ಮಾಡಿದರು, ಗಡ್ಡೆ ಇರಲಿಲ್ಲ. ರಕ್ತಹೀನತೆಯೇ ಕೋಪಕ್ಕೆ ಕಾರಣ ಎಂದು ಯಾರೂ ಹೇಳಲಾರರು. ಆದರೆ ಸುಸ್ತು, ಏದುಸಿರು, ತಲೆನೋವು ಹೊತ್ತುಕೊಂಡು ದಿನಕ್ಕೆ ಒಂಬತ್ತು ಗಂಟೆ ಮೆಷಿನ್ ಮುಂದೆ ಕೂತವಳಿಗೆ ತಡೆದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?

ಬೇರೆ ಸಾಧ್ಯತೆಗಳನ್ನೂ ಒಂದೊಂದಾಗಿ ನೋಡಿ ಬಿಡಲಾಯಿತು. ಕನಿಷ್ಠ ನಾಲ್ಕು ದಿನ ಎಡೆಬಿಡದೆ ಮನಸ್ಸು ಏರಿ, ನಿದ್ದೆ ಕಡಿಮೆಯಾದರೂ ಹುರುಪು ಹೆಚ್ಚಿದ ಅವಧಿಗಳು ಇರಲಿಲ್ಲ, ಹಾಗಾಗಿ ಬೈಪೋಲಾರ್ ಅಲ್ಲ. ಇದನ್ನು ಖಚಿತ ಮಾಡಿಕೊಳ್ಳದೆ ಖಿನ್ನತೆಯ ಮಾತ್ರೆ ಕೊಟ್ಟರೆ ರೋಗ ಇನ್ನೊಂದು ಕಡೆಗೆ ಹಾರಬಹುದು. 12 ವರ್ಷಕ್ಕೆ ಮುಂಚೆ ಗಮನ ನಿಲ್ಲದ, ಒಂದೆಡೆ ಕೂರಲಾಗದ ಲಕ್ಷಣ ಇರಲಿಲ್ಲ ಎಂದು ಅಮ್ಮ ಹೇಳಿದರು, ಎಡಿಎಚ್‌ಡಿ ಅಲ್ಲ. ಸಂಬಂಧಗಳಲ್ಲೆಲ್ಲ ಅಸ್ಥಿರತೆ, ಮತ್ತೆ ಮತ್ತೆ ಗಾಯ ಮಾಡಿಕೊಳ್ಳುವುದು ಇಲ್ಲ, ಬಾರ್ಡರ್‌ಲೈನ್ ವ್ಯಕ್ತಿತ್ವದ ಹಣೆಪಟ್ಟಿಗೂ ಆಧಾರವಿಲ್ಲ. ಕೋಪಿಷ್ಠ ಹೆಂಗಸು ಎದುರು ಕೂತ ತಕ್ಷಣ ಆ ಹಣೆಪಟ್ಟಿ ಹಚ್ಚುವ ಅಭ್ಯಾಸ ಕೆಲವೆಡೆ ಇದೆ. ಒಮ್ಮೆ ಹಚ್ಚಿದ್ದು ಕಡತದಿಂದ ಹೋಗುವುದಿಲ್ಲ, ಮುಂದೆ ಆಕೆ ಹೇಳುವ ನಿಜವಾದ ದೂರನ್ನೂ ಯಾರೂ ನಂಬುವುದಿಲ್ಲ.

ಒಬ್ಬಳೇ ಇದ್ದಾಗ ಕೇಳಿದ್ದು

ಗಂಡನನ್ನು ಹೊರಗೆ ಕೂರಿಸಿ ಕೇಳಿದ ಪ್ರಶ್ನೆ: ಮನೆಯಲ್ಲಿ ಯಾರಾದರೂ ನಿಮಗೆ ಹೊಡೆಯುತ್ತಾರೆಯೇ? ಎರಡು ಸಲ ಕೆನ್ನೆಗೆ ಹೊಡೆದಿದ್ದಾನೆ, ಎರಡೂ ಶನಿವಾರ. ಇದು ತಿಳಿಯದೆ "ಕೋಪ ನಿಯಂತ್ರಣ" ಕಲಿಸಿದ್ದರೆ, ಹೊಡೆತ ತಿಂದೂ ಸುಮ್ಮನಿರುವುದನ್ನು ಕಲಿಸಿದಂತಾಗುತ್ತಿತ್ತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, ಅದರಡಿ ಸಂರಕ್ಷಣಾಧಿಕಾರಿ, ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರ, 181 ಮಹಿಳಾ ಸಹಾಯವಾಣಿ, ಇವೆಲ್ಲವನ್ನೂ ಸಮಾಜ ಕಾರ್ಯಕರ್ತೆ ವಿವರಿಸಿದರು. ದೂರು ಕೊಡಲು ಆಕೆ ಆಗ ಒಪ್ಪಲಿಲ್ಲ. ಆ ತೀರ್ಮಾನ ಆಕೆಯದು, ಬಲವಂತ ಮಾಡಲಿಲ್ಲ. ಆದರೆ ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ ಕೂರಿಸುವ ಭೇಟಿಯನ್ನು, ಮನೆಗೆ ಹೋದ ಮೇಲೆ ಹೊಡೆತ ಬೀಳುವ ಭಯವಿಲ್ಲ ಎಂದು ಆಕೆಯೇ ಹೇಳುವವರೆಗೂ ಮುಂದೂಡಲಾಯಿತು.

ಹೆಂಗಸರಿಗೆ ಕೋಪ ಜಾಸ್ತಿಯೋ ಕಡಿಮೆಯೋ ಎಂಬ ಚರ್ಚೆ ಹಳೆಯದು. 2004ರಲ್ಲಿ ಮನೋವಿಜ್ಞಾನಿ ಜಾನ್ ಆರ್ಚರ್ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಕೋಪದ ಅನುಭವದಲ್ಲಿ ಗಂಡು ಹೆಣ್ಣಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಕೈ ಎತ್ತುವ ಆಕ್ರಮಣದಲ್ಲಿ ಗಂಡಸರೇ ಮುಂದಿದ್ದರು. ಹಾಗಾಗಿ ಕೇಳಬೇಕಾದದ್ದು ಕೋಪ ಎಷ್ಟು ಎಂದಲ್ಲ, ಅದಕ್ಕೆ ಎಲ್ಲಿ ಜಾಗವಿದೆ ಎಂದು. ಈಕೆಗೆ ಫ್ಯಾಕ್ಟರಿಯ ಹೊಲಿಗೆ ಲೈನ್‌ನಲ್ಲಿ ಬಾಯಿ ತೆರೆಯಲು ಜಾಗವಿಲ್ಲ, ಗಂಡನೆದುರು ತೆರೆದರೆ ಹೊಡೆತದ ಭಯ. ಉಳಿದವನು ಒಂಬತ್ತು ವರ್ಷದ ಹುಡುಗ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ನಮ್ಮ ಹೆಂಗಸರೇ ಹೇಳಿಕೊಂಡು ಬಂದದ್ದು ಇದನ್ನೇ.

ಒಂದು ಗುರುವಾರದ ಸರಪಳಿ

ಮನೋವಿಜ್ಞಾನಿ ಮಾರ್ಷಾ ಲಿನೆಹಾನ್ ರೂಪಿಸಿದ ಚಿಕಿತ್ಸಾ ಕ್ರಮದಲ್ಲಿ ಸರಪಳಿ ವಿಶ್ಲೇಷಣೆ ಎಂಬ ವಿಧಾನವಿದೆ. ಒಂದೇ ಘಟನೆಯನ್ನು ಹಿಡಿದು, ಕೊಂಡಿ ಕೊಂಡಿಯಾಗಿ ಹಿಂದಕ್ಕೆ ಹೋಗುವುದು. ಮಣಿಕಟ್ಟು ಊದಿದ ದಿನವನ್ನು ಹೀಗೆ ಬಿಡಿಸಲಾಯಿತು, ಇದಕ್ಕೇ ಎರಡು ಭೇಟಿ ಬೇಕಾದವು.

ಹಿಂದಿನ ರಾತ್ರಿ ಒಂದು ಗಂಟೆಗೆ ನೀರು ಬಂತು. ಡ್ರಮ್ ತುಂಬಿಸಿ ಮಲಗಿದಾಗ ಎರಡು, ಎದ್ದದ್ದು ಐದು. ಮುಟ್ಟಿಗೆ ಇನ್ನು ಮೂರು ದಿನ. ಮಕ್ಕಳಿಗೆ ಡಬ್ಬಿ ಕಟ್ಟಿ ತಾನು ತಿನ್ನದೆ ಹೊರಟಳು. ಗಂಟೆಗೆ 60 ಪೀಸ್ ಇದ್ದ ಟಾರ್ಗೆಟ್ ಅಂದು ಶಿಪ್‌ಮೆಂಟ್ ಎಂದು 70 ಆಯಿತು. ಟಾಯ್ಲೆಟ್‌ಗೆ ಏಳಬಾರದೆಂದು ನೀರು ಕುಡಿಯಲಿಲ್ಲ. 3.15ಕ್ಕೆ ಸೂಪರ್‌ವೈಸರ್ ಪೀಸನ್ನು ಮುಖದ ಮೇಲೆ ಎಸೆದು, ಅಮ್ಮನನ್ನು ಎಳೆದು ಬೈದ. ಆಕೆ ತಲೆ ಎತ್ತಲಿಲ್ಲ. 6.30ರವರೆಗೆ ಓಟಿ. ಬಸ್ಸಿನಲ್ಲಿ ನಿಂತು ಬರುವಾಗ ಆ ಬೈಗುಳವನ್ನೇ ತಿರುಗಿಸಿ ತಿರುಗಿಸಿ ನೆನೆದಳು, ಏನು ಉತ್ತರ ಕೊಡಬೇಕಿತ್ತು ಎಂದು. 7.20ಕ್ಕೆ ಮನೆ. ಬಾಗಿಲಲ್ಲೇ ಶಾಲೆಯ ವಾಟ್ಸಾಪ್ ಗುಂಪು ನೋಡಿದಳು: ಮಗ ಹೋಂವರ್ಕ್ ಮಾಡಿಲ್ಲ. ಗಂಡ, "ಇನ್ನೂ ಅಡುಗೆ ಆಗಿಲ್ವಾ?" ಅಂದ. ಮಗನನ್ನು ಕರೆದಳು, ಮೊಬೈಲ್ ನೋಡುತ್ತಿದ್ದವನು ತಿರುಗಲಿಲ್ಲ. ಮೂರನೇ ಸಲ ಕರೆದಾಗ 7.40. ಮೊಬೈಲ್ ನೆಲಕ್ಕೆ ಬಿದ್ದಾಗ, ಸೌಟು ಮಗನ ಕೈಗೆ ಬಿದ್ದಾಗ 7.42. ಎಂಟು ಹತ್ತಕ್ಕೆ ಗಂಡನ ಫೋನಿನಿಂದ ಕೆಲಸ ಬಿಡುವ ವಾಯ್ಸ್ ಮೆಸೇಜ್. ರಾತ್ರಿ ಹನ್ನೊಂದಕ್ಕೆ ಮಗನನ್ನು ಎಬ್ಬಿಸಿ ಅಳುತ್ತಾ ಕೈತುತ್ತು ಕೊಟ್ಟಳು, ಆಮೇಲೆ ನಿದ್ದೆಯಿಲ್ಲ. ಆ ನಿದ್ದೆಗೆಟ್ಟ ರಾತ್ರಿಯೇ ಮುಂದಿನ ಸರಪಳಿಯ ಮೊದಲ ಕೊಂಡಿ.

ಮನೆಯವರ ಕಣ್ಣಿಗೆ ಕಂಡದ್ದು 7.40ರಿಂದ 7.42 ಮಾತ್ರ. "ಹುಡುಗ ತಿರುಗಲಿಲ್ಲ ಅಂತ ಮೊಬೈಲ್ ಒಡೆದ್ಲು" ಎಂಬುದು ವಠಾರದ ತೀರ್ಪು. ಕಾಗದದ ಮೇಲೆ ಸುಮಾರು ಹತ್ತೊಂಬತ್ತು ಗಂಟೆಗಳ ಸರಪಳಿ ಕಂಡಾಗ ಆಕೆ ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ಇದು ಹೊಡೆತಕ್ಕೆ ಸಮರ್ಥನೆಯಲ್ಲ, ಅದನ್ನು ಆಕೆಗೂ ಸ್ಪಷ್ಟವಾಗಿ ಹೇಳಲಾಯಿತು. ಎಲ್ಲಿ ಕತ್ತರಿಸಬಹುದು ಎಂದು ನೋಡಲಿಕ್ಕೆ ಸರಪಳಿ ಬೇಕು. ಕೊನೆಯ ಕೊಂಡಿಯಲ್ಲಿ ಕತ್ತರಿಸುವುದು ಅತಿ ಕಷ್ಟ, ಮೊದಲ ಕೊಂಡಿಗಳಲ್ಲಿ ಸುಲಭ ಮತ್ತು ಅಗ್ಗ.

ಕೈ ಏಳುವ ಮುಂಚಿನ ದೇಹದ ಸೂಚನೆ ಯಾವುದು ಎಂದು ಆಕೆಗೆ ಹೇಳಲಾಗಲಿಲ್ಲ. ಕಿವಿ ಬಿಸಿಯಾಗುತ್ತದೆ, ತಲೆ ಜುಂ ಅನ್ನುತ್ತದೆ ಅಂದಳು, ಆದರೆ ಅದೆಲ್ಲ ಆಮೇಲೆ ನೆನಪಾಗುವುದು. ಉತ್ತರ ಸಿಕ್ಕಿದ್ದು ಚಿತ್ರ ಬಿಡಿಸುತ್ತ ಕೂತಿದ್ದ ಐದು ವರ್ಷದ ಮಗಳಿಂದ: "ಅಮ್ಮ ವೇಲ್ ಸೊಂಟಕ್ಕೆ ಕಟ್ಕೊಂಡ್ರೆ ಹೊಡೀತಾಳೆ." ಹೌದು, ಪ್ರತಿ ಸಲವೂ ಮೊದಲು ವೇಲ್ ಎಳೆದು ಸೊಂಟಕ್ಕೆ ಸುತ್ತಿ ಸಿಗಿಸಿಕೊಳ್ಳುತ್ತಿದ್ದಳು. ಮಗುವಿಗೆ ಗೊತ್ತಿತ್ತು, ತಾಯಿಗೆ ಗೊತ್ತಿರಲಿಲ್ಲ.

ಎಂಟು ವಾರದ ಹಾಳೆ

ದಿನಕ್ಕೊಂದು ಸಾಲು. ನಿದ್ದೆ ಎಷ್ಟು ಗಂಟೆ, ಮಧ್ಯಾಹ್ನದೊಳಗೆ ಏನು ತಿಂದದ್ದು, ಮುಟ್ಟಿನ ಎಷ್ಟನೇ ದಿನ, ಕೋಪ 0ರಿಂದ 10ರಲ್ಲಿ ಎಷ್ಟು, ಕೋಪದಲ್ಲಿ ಮಾಡಿದ್ದು ಏನು. ರಾತ್ರಿ ಮಲಗುವ ಮುಂಚೆ ತುಂಬಬೇಕು. ವಾರದ್ದೆಲ್ಲ ಒಟ್ಟಿಗೆ ತುಂಬಿದ ಹಾಳೆ ಕಸಕ್ಕೆ ಸಮ, ನೆನಪು ಜಗಳದ ದಿನಗಳನ್ನಷ್ಟೇ ಎತ್ತಿಕೊಡುತ್ತದೆ. ಎರಡನೇ ವಾರ ಆಕೆ ಹಾಗೇ ಮಾಡಿದಳು, ಆ ವಾರವನ್ನು ಬಿಟ್ಟು ಎಣಿಸಲಾಯಿತು.

ಗಂಡನ ವಾದ ಮೊದಲಿನಿಂದಲೂ ಒಂದೇ: "ತಿಂಗಳ ಟೈಮಲ್ಲಿ ಹಿಂಗಾಡ್ತಾಳೆ." ಹಾಳೆ ಹೇಳಿದ್ದು ಬೇರೆ. ದೊಡ್ಡ ಸ್ಫೋಟಗಳು 14. ಮುಟ್ಟಿನ ಹಿಂದಿನ ವಾರದಲ್ಲಿ 6. ಉಳಿದ 8 ತಿಂಗಳೆಲ್ಲ ಚೆದುರಿದ್ದವು, ಅದರಲ್ಲಿ 3 ಮುಟ್ಟು ಮುಗಿದ ವಾರದಲ್ಲೇ. ಮುಟ್ಟಿನ ಪೂರ್ವದ ತೀವ್ರ ಮನೋವೈಕಲ್ಯ ಎನ್ನಲು ಲಕ್ಷಣಗಳು ಮುಟ್ಟಿನ ಹಿಂದಿನ ವಾರ ಬಂದು, ಸ್ರಾವ ಶುರುವಾದ ಕೆಲವು ದಿನಗಳಲ್ಲಿ ಇಳಿದು, ನಂತರದ ವಾರ ಇಲ್ಲವೇ ಇಲ್ಲ ಅನ್ನುವಷ್ಟಾಗಬೇಕು. ಅದನ್ನು ಕನಿಷ್ಠ ಎರಡು ಚಕ್ರಗಳ ದಿನವಹಿ ದಾಖಲೆಯಿಂದಲೇ ದೃಢಪಡಿಸಬೇಕು. ಇಲ್ಲಿ ಇದ್ದದ್ದು, ಇರುವ ತೊಂದರೆ ಆ ವಾರ ಹೆಚ್ಚುವುದು ಅಷ್ಟೆ. ಗಟ್ಟಿಯಾಗಿ ಎದ್ದು ಕಂಡದ್ದು ಎರಡು: 14ರಲ್ಲಿ 11 ಸ್ಫೋಟಗಳ ಹಿಂದಿನ ರಾತ್ರಿ ನಿದ್ದೆ ಐದು ಗಂಟೆಗಿಂತ ಕಡಿಮೆ, 9ರಲ್ಲಿ ಮಧ್ಯಾಹ್ನದವರೆಗೆ ಹೊಟ್ಟೆಗೆ ಏನೂ ಇಲ್ಲ. ಈ ಹಾಳೆಯನ್ನು ಗಂಡನಿಗೂ ತೋರಿಸಿದ ಮೇಲೆ, ನೀರು ಬರುವ ರಾತ್ರಿಗಳಲ್ಲಿ ಡ್ರಮ್ ತುಂಬಿಸುವ ಕೆಲಸ ಅವನಿಗೆ ಹೋಯಿತು. ಹನ್ನೆರಡು ಭೇಟಿಗಳಲ್ಲಿ ಕಲಿಸಿದ ಯಾವ ತಂತ್ರಕ್ಕಿಂತಲೂ ಇದು ಬೇಗ ಫಲ ಕೊಟ್ಟಿತು.

ಚಿಕಿತ್ಸೆ, ಅದರಲ್ಲಿ ಕೆಟ್ಟದ್ದು

ಮೊದಲು ಕಬ್ಬಿಣ. ಸರ್ಕಾರಿ ಆಸ್ಪತ್ರೆಯ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣಾಂಶ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಎಷ್ಟು ತೆಗೆದುಕೊಳ್ಳಬೇಕೆಂದು ವೈದ್ಯರು ಬರೆದುಕೊಟ್ಟರು. ಮೊದಲ ಎರಡು ವಾರ ಆಕೆ ಅದನ್ನು ಬೆಳಗಿನ ಟೀ ಜೊತೆ ನುಂಗುತ್ತಿದ್ದಳು. ಟೀ ಕಾಫಿ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ರಾತ್ರಿ ಊಟದ ನಂತರ, ನಿಂಬೆರಸದ ನೀರಿನ ಜೊತೆ ಎಂದು ಬದಲಾಯಿಸಿದರು. ಮಲ ಕಪ್ಪಾದದ್ದಕ್ಕೆ ಹೆದರಿ ನಾಲ್ಕು ದಿನ ನಿಲ್ಲಿಸಿದ್ದಳು. ಕಪ್ಪಾಗುವುದು ಸಹಜ ಎಂದು ಮೊದಲೇ ಹೇಳಬೇಕಿತ್ತು. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 11.4 ಆಯಿತು. 12 ದಾಟಿದ ಮೇಲೂ ಮೂರು ತಿಂಗಳು ಮುಂದುವರಿಸದಿದ್ದರೆ ಮೈಯ ದಾಸ್ತಾನು ತುಂಬುವುದಿಲ್ಲ, ಮತ್ತೆ ಇಳಿಯುತ್ತದೆ.

ಖಿನ್ನತೆಯ ಮಾತ್ರೆಯನ್ನು ಆಕೆ ಮೊದಲು ಒಪ್ಪಲಿಲ್ಲ, "ಅದು ಹುಚ್ಚಿನ ಮಾತ್ರೆ" ಎಂಬ ಭಯ. ಎಂಟು ವಾರದ ಹಾಳೆ ನೋಡಿದ ಮೇಲೆ ಒಪ್ಪಿದಳು. ಮನೋವೈದ್ಯರು ಸರ್ಟ್ರಾಲಿನ್ ಸಣ್ಣ ಪ್ರಮಾಣದಲ್ಲಿ ಶುರುಮಾಡಿ ದಿನಕ್ಕೆ 50 ಮಿ.ಗ್ರಾಂಗೆ ತಂದರು. ಮೊದಲ ಎರಡು ವಾರ ಹೊಟ್ಟೆ ತೊಳಸು, ಚಡಪಡಿಕೆ ಬರಬಹುದು, ಕೋಪದ ರೋಗಿಯಲ್ಲಿ ಆ ಚಡಪಡಿಕೆಯನ್ನು ವಾರವಾರ ಕೇಳಲೇಬೇಕು. ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು.

ಇನ್ನು ಕೌಶಲಗಳು. ಕೋಪದ ಅಳತೆಯಲ್ಲಿ 7 ದಾಟಿದ ಮೇಲೆ ಮಾತು, ತರ್ಕ, ದೇವರ ನಾಮ ಯಾವುದೂ ಒಳಗಿಳಿಯುವುದಿಲ್ಲ. ಅಲ್ಲಿ ಕೆಲಸ ಮಾಡುವುದು ದೇಹ ಮತ್ತು ಜಾಗ ಮಾತ್ರ. ಆದ್ದರಿಂದ ಗುರಿ 4ರಲ್ಲಿ ಹಿಡಿಯುವುದು, 7 ದಾಟಿದರೆ ಜಾಗ ಬಿಡುವುದು.

"ಬೇರೆ ರೂಮಿಗೆ ಹೋಗಿ" ಎಂಬ ಸಿದ್ಧ ಸಲಹೆ ಒಂದು ರೂಮಿನ ಮನೆಗೆ ಹೊಂದುವುದಿಲ್ಲ. ವಠಾರದ ಸಂಪ್ ಪಕ್ಕದ ಮೆಟ್ಟಿಲನ್ನು ಗೊತ್ತುಮಾಡಲಾಯಿತು. ಹೊರಡುವಾಗ ಹೇಳಬೇಕಾದ ಒಂದೇ ವಾಕ್ಯ: "ಇಪ್ಪತ್ತು ನಿಮಿಷ ಸಂಪ್ ಹತ್ರ ಇರ್ತೀನಿ, ವಾಪಸ್ ಬರ್ತೀನಿ." ವಾಪಸ್ ಬರುವ ಮಾತು ಮುಖ್ಯ, ಅದಿಲ್ಲದಿದ್ದರೆ ಮಕ್ಕಳಿಗೆ ಅಮ್ಮ ಬಿಟ್ಟುಹೋದಳೆಂಬ ಭಯ. ಮುಖಕ್ಕೆ, ಮಣಿಕಟ್ಟಿಗೆ ಅರ್ಧ ನಿಮಿಷ ತಣ್ಣೀರು; ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು. ಬಳಿಕ ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ, ಐದು ನಿಮಿಷ. ಇದನ್ನು ಕೋಪ ಬಂದಾಗಲೇ ಮೊದಲ ಸಲ ಮಾಡಿದರೆ ಖಂಡಿತ ಸೋಲುತ್ತದೆ. ದಿನಕ್ಕೆರಡು ಸಲ ಬಸ್ಸಿನಲ್ಲಿ ಅಭ್ಯಾಸ ಎಂದು ಗೊತ್ತಾಯಿತು. ಬೈಗುಳ ನೆನೆಯುವ ಹೊತ್ತನ್ನು ಅದು ತುಂಬಿತು ಕೂಡ.

ಮೊದಲ ಸಲ ಜಾಗ ಬಿಟ್ಟಾಗ ಗಂಡ ಹಿಂದೆಯೇ ಹೋಗಿ "ಮಾತಾಡು, ಎಲ್ಲಿಗೆ ಹೋಗ್ತೀಯ" ಎಂದು ಕೈ ಹಿಡಿದ. ಕೋಪ 7ರಿಂದ 9ಕ್ಕೆ ಏರಿತು. ನಾಲ್ಕನೇ ವಾರದ ಆ ರಾತ್ರಿ ಮಗನ ಬೆನ್ನಿಗೆ ಒಂದು ಏಟು ಬಿತ್ತು. ತಪ್ಪು ತಂಡದ್ದು: ಜಾಗ ಬಿಡುವ ನಿಯಮವನ್ನು ಮನೆಯವರಿಗೆ ಹೇಳದೆ ಒಬ್ಬಳಿಗೆ ಮಾತ್ರ ಕಲಿಸಿದ್ದರು. ಆಮೇಲೆ ಗಂಡನನ್ನು ಪ್ರತ್ಯೇಕವಾಗಿ ಕರೆದು ಹೇಳಿದರು: ಹಿಂದೆ ಹೋಗಬಾರದು, ಆ ಇಪ್ಪತ್ತು ನಿಮಿಷ ಮಕ್ಕಳು ನಿನ್ನ ಹೊಣೆ, ಶನಿವಾರ ರಾತ್ರಿ ಹಣದ ಮಾತು ಎತ್ತಬಾರದು.

ವಠಾರದ ಹಿರಿಯಾಕೆಯ ಸಲಹೆ, "ಕಲ್ಲಿನ ಮೇಲೆ ಬಟ್ಟೆ ಬಡಿ, ಸಿಟ್ಟು ಇಳಿಯುತ್ತೆ." ಬಡಿದು ನೋಡಿದಳು. ಸೂಪರ್‌ವೈಸರ್ ಮುಖ ನೆನೆಯುತ್ತ ಬಡಿದಷ್ಟೂ ಸಿಟ್ಟು ಏರಿತು. ಮನೋವಿಜ್ಞಾನಿ ಬ್ರಾಡ್ ಬುಶ್‌ಮನ್ 2002ರಲ್ಲಿ 600 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲೂ ಹೀಗೇ ಆಯಿತು: ಕೋಪ ಬರಿಸಿದವರನ್ನು ನೆನೆಯುತ್ತ ಚೀಲ ಗುದ್ದಿದವರ ಕೋಪ, ಏನೂ ಮಾಡದೆ ಕೂತವರಿಗಿಂತ ಹೆಚ್ಚಾಗಿತ್ತು. ಹೊರಹಾಕಿದರೆ ಕೋಪ ಖಾಲಿಯಾಗುತ್ತದೆ ಎಂಬ ನಂಬಿಕೆ ಎಷ್ಟು ಜನಪ್ರಿಯವೋ ಅಷ್ಟೇ ಹಾನಿಕರ.

ವೇಲ್‌ನ ವಿಷಯದಲ್ಲಿ ಇನ್ನೊಂದು ತಪ್ಪಾಗಿತ್ತು. ಮಗಳು "ಅಮ್ಮಾ, ವೇಲ್" ಎಂದು ಎಚ್ಚರಿಸಲಿ ಎಂದು ಮನೆಯಲ್ಲಿ ಮಾತಾಯಿತು, ಎರಡು ಸಲ ಅದು ಕೆಲಸವನ್ನೂ ಮಾಡಿತು. ತಂಡ ಅದನ್ನು ನಿಲ್ಲಿಸಿತು. ಐದು ವರ್ಷದ ಮಗು ತಾಯಿಯ ಕೈ ಕಾಯುವ ಕೆಲಸ ಹೊರಬಾರದು. ಒಂದು ದಿನ ಹೇಳಲು ಮರೆತು ಅಣ್ಣನಿಗೆ ಏಟು ಬಿದ್ದರೆ ತಪ್ಪು ತನ್ನದು ಎಂದು ಅದು ಬೆಳೆಯುತ್ತದೆ. ಬದಲಿಗೆ ಮನೆಗೆ ಬಂದ ಮೇಲೂ ವೇಲ್‌ನ ಎರಡೂ ಭುಜದ ಪಿನ್ ತೆಗೆಯದೇ ಇರುವುದು. ಸೊಂಟಕ್ಕೆ ಕಟ್ಟಬೇಕಾದರೆ ಎರಡು ಪಿನ್ ಬಿಚ್ಚಬೇಕು, ಅಷ್ಟು ಸೆಕೆಂಡುಗಳಲ್ಲಿ ತಾನೇನು ಮಾಡಲು ಹೊರಟಿದ್ದೇನೆಂದು ಆಕೆಗೆ ತಿಳಿಯುತ್ತಿತ್ತು.

ಹಣಕ್ಕೂ ಕೆಲಸಕ್ಕೂ ಒಂದೇ ನಿಯಮ, ಇಪ್ಪತ್ತನಾಲ್ಕು ಗಂಟೆ. ಚೀಟಿ ಹಣ ಪಕ್ಕದ ಮನೆಯ ಅಕ್ಕನ ಖಾತೆಗೆ. ಕೆಲಸ ಬಿಡುವ ಮಾತು ಬಂದರೆ ಅದನ್ನು ಮೊದಲು ತನ್ನ ನಂಬರಿಗೇ ಕಳಿಸಿಕೊಂಡು, ಮರುದಿನ ಊಟವಾದ ಮೇಲೆ ಕೇಳುವುದು. ಅಂಥ ಆರು ಮೆಸೇಜ್ ಸೇರಿದವು, ಒಂದೂ ಮುಂದೆ ಹೋಗಲಿಲ್ಲ.

ಲೈನ್‌ನಲ್ಲಿ ಬಾಯಿ ತೆರೆಯುವುದನ್ನೂ ಕಲಿಸಬೇಕಿತ್ತು, ಇಲ್ಲವಾದರೆ ಎಲ್ಲವೂ ಮನೆಗೇ ಬರುತ್ತದೆ. "ತಪ್ಪಿದ್ರೆ ಪೀಸ್ ತೋರ್ಸಿ ಹೇಳಿ ಸಾರ್, ಬೈಬೇಡಿ." ಇಷ್ಟನ್ನು ಆರು ಸಲ ಅಭಿನಯಿಸಿ ಅಭ್ಯಾಸ ಮಾಡಿದರೂ ಮೊದಲ ಸಲ ಶಿಪ್‌ಮೆಂಟ್ ದಿನವೇ ಹೇಳಲು ಹೋಗಿ ಇನ್ನಷ್ಟು ಬೈಸಿಕೊಂಡಳು. ಎರಡನೇ ಸಲ ಊಟದ ಬಿಡುವಿನಲ್ಲಿ, ಪಕ್ಕದ ಮೆಷಿನ್‌ನ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೇಳಿದಳು. ಬೈಗುಳ ನಿಲ್ಲಲಿಲ್ಲ, ಅಮ್ಮನನ್ನು ಎಳೆಯುವುದು ನಿಂತಿತು. 20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕುಂದುಕೊರತೆ ಸಮಿತಿ ಇರಬೇಕು. ಲೈಂಗಿಕ ಅರ್ಥದ ಮಾತಾದರೆ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಆಂತರಿಕ ಸಮಿತಿಗೆ ದೂರು ಕೊಡಬಹುದು. ಎರಡನ್ನೂ ಆಕೆಗೆ ಬರೆದುಕೊಡಲಾಯಿತು.

ಮಗನಿಗೆ ಕ್ಷಮೆ ಕೇಳುವುದೂ ಒಂದು ಕೌಶಲ. "ಹೊಡ್ದಿದ್ದು ತಪ್ಪು, ಆದ್ರೆ ನೀನೂ ಮಾತು ಕೇಳ್ಬೇಕಿತ್ತು" ಎಂಬಲ್ಲಿ ಕ್ಷಮೆ ಇಲ್ಲ, ಹೊಡೆತದ ಹೊಣೆ ಹುಡುಗನ ತಲೆಗೇ ಹೋಯಿತು. "ಹೊಡ್ದಿದ್ದು ನನ್ನ ತಪ್ಪು" ಎಂದು ಅಲ್ಲಿಗೇ ನಿಲ್ಲಿಸಲು ಆಕೆಗೆ ಮೂರು ಪ್ರಯತ್ನ ಬೇಕಾದವು.

ಗೌರಿ ಹಬ್ಬದ ದಿನ, ಆಮೇಲೆ ಆರು ತಿಂಗಳು

ಹನ್ನೊಂದನೇ ವಾರ ಗೌರಿ ಹಬ್ಬ. ತವರಿನಿಂದ ಬಾಗಿನ ಬರಲಿಲ್ಲ, ಅಣ್ಣನ ಫೋನೂ ಇಲ್ಲ. ಗಂಡ ಅದನ್ನೇ ಆಡಿಕೊಂಡ. ತಟ್ಟೆ ಗೋಡೆಗೆ ಬಡಿಯಿತು, ಯಾರಿಗೂ ತಗುಲಲಿಲ್ಲ. ಆಕೆ ವಾಕ್ಯ ಹೇಳಿ ಸಂಪ್ ಹತ್ತಿರ ಹೋದಳು, ಇಪ್ಪತ್ತೈದು ನಿಮಿಷಕ್ಕೆ ಬಂದಳು. ಹಾಳೆಯಲ್ಲಿ ಕೋಪ 9 ಎಂದು ಬರೆದು, "ಏನೂ ಸುಧಾರಿಸಿಲ್ಲ" ಎಂದು ಸೇರಿಸಿದ್ದಳು. ಮಾತ್ರೆ ಶುರುವಾಗಿ ಎರಡೇ ವಾರವಾದ್ದರಿಂದ ಅದರ ಚಡಪಡಿಕೆಯೇ ಎಂದು ಮೊದಲು ಪರಿಶೀಲಿಸಿದರು, ಅಲ್ಲ. ಗುರುವಾರದ ಸರಪಳಿಯನ್ನು ಈ ಸಾಲಿನ ಪಕ್ಕ ಇಟ್ಟು ತೋರಿಸಿದರು: ಅಂದೂ 9, ಇಂದೂ 9. ಅಂದು ಮೊಬೈಲ್, ಮಗನ ಕೈ, ಕೆಲಸ ಮೂರಕ್ಕೂ ಪೆಟ್ಟು ಬಿದ್ದಿತ್ತು, ಇಂದು ಒಂದು ಸ್ಟೀಲ್ ತಟ್ಟೆ ನೆಗ್ಗಿದೆ. ಹಬ್ಬದ ದಿನ ತವರು ಮರೆತರೆ ನೋವಾಗುವುದು ರೋಗವಲ್ಲ, ಆ ಕೋಪವನ್ನು ಇಳಿಸಲು ಯಾರೂ ಪ್ರಯತ್ನಿಸಲಿಲ್ಲ.

ಆರನೇ ತಿಂಗಳ ಭೇಟಿಯಲ್ಲಿ ಹಿಂದಿನ 12 ವಾರಗಳ ಲೆಕ್ಕ: ಕೂಗಾಟ ವಾರಕ್ಕೆ ಎರಡು ಮೂರು ಸಲ, ಒಡೆದ ವಸ್ತು 1, ಮಕ್ಕಳಿಗೆ ಹೊಡೆದದ್ದು ಇಲ್ಲ, ಸಾಯುವ ಮಾತು ಇಲ್ಲ, ಪಿಎಚ್‌ಕ್ಯೂ-9 ಅಂಕ 5. ಅದೇ ಫ್ಯಾಕ್ಟರಿಯಲ್ಲಿದ್ದಾಳೆ. ಟಾರ್ಗೆಟ್ 70ರಿಂದ ಇಳಿದಿಲ್ಲ. ಗಂಡ ಕೈ ಎತ್ತಿಲ್ಲ, ಕುಡಿಯುವುದು ನಿಂತಿಲ್ಲ. ವ್ಯಸನ ಚಿಕಿತ್ಸೆಗೆ ಎರಡು ಸಲ ದಿನ ಗೊತ್ತುಮಾಡಿದರೂ ಬಂದಿಲ್ಲ. ಆ ಮನೆಯ ಅಪಾಯ ಮುಗಿದಿಲ್ಲ ಎಂದು ಕಡತದಲ್ಲಿ ಬರೆದಿದೆ, 181ರ ಚೀಟಿ ಆಕೆಯ ಬ್ಯಾಗಿನಲ್ಲೇ ಇದೆ.

ಗೂಡಿನ ಮೇಲಿನ ಡಬ್ಬಿ ತೆಗೆಯಲು ಆಕೆ ಕೈ ಎತ್ತಿದರೆ ಮಗ ಈಗಲೂ ತಲೆ ತಗ್ಗಿಸುತ್ತಾನೆ. ಅದನ್ನು ಆಕೆಯೇ ಗಮನಿಸಿ ಹೇಳಿದಳು. ಹುಡುಗನಿಗೆ ಮಕ್ಕಳ ಆಪ್ತಸಮಾಲೋಚಕರ ಜೊತೆ ಪ್ರತ್ಯೇಕ ಭೇಟಿಗಳು ಶುರುವಾಗಿವೆ, ಡಬ್ಬಿಗಳನ್ನು ಕೆಳಗಿನ ಗೂಡಿಗೆ ಇಳಿಸಿದ್ದಾಳೆ.